ಹಳೆಯ ಗಾಡಿಯ ಕರೆಂಟ್ ಕಾಟ: ಲಕ್ಷಣ ಹಿಡಿದು ದೋಷ ಹುಡುಕುವುದು ಹೇಗೆ

ಹತ್ತು ಹದಿನೈದು ವರ್ಷ ಓಡಿದ ಗಾಡಿಯಲ್ಲಿ ಚೆಕ್ ಎಂಜಿನ್ ದೀಪ ಹತ್ತಿಕೊಂಡರೆ ಬಹಳ ಜನ ಮೊದಲು ಮಾಡುವ ಕೆಲಸ ಸೆನ್ಸರ್ ಬದಲಿಸುವುದು. ಹೊಸದು ಹಾಕಿದ ಮೂರನೇ ದಿನಕ್ಕೆ ಅದೇ ದೀಪ ಮತ್ತೆ ಹತ್ತುತ್ತದೆ. ಇಷ್ಟು ವಯಸ್ಸಾದ ಗಾಡಿಯಲ್ಲಿ ಬಿಡಿಭಾಗಕ್ಕಿಂತ ಮೊದಲು ಸೋಲುವುದು ಅದಕ್ಕೆ ಕರೆಂಟ್ ಹೋಗಿಬರುವ ದಾರಿ: ಕಿಲುಬು ಹಿಡಿದ ಟರ್ಮಿನಲ್, ಸಡಿಲಾದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಪಿನ್, ತುಕ್ಕು ತಿಂದ ಅರ್ತಿಂಗ್ (ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ) ಬೋಲ್ಟ್, ಬಾಗಿ ಬಾಗಿ ಒಳಗೇ ತುಂಡಾದ ವೈರ್. ಅದಕ್ಕೇ ಇಲ್ಲಿ ಪ್ರತಿ ಲಕ್ಷಣಕ್ಕೂ ಕಾಸು ಖರ್ಚಿಲ್ಲದ ತಪಾಸಣೆ ಮೊದಲು, ಮೀಟರ್ ಹಿಡಿಯುವುದು ಆಮೇಲೆ, ಭಾಗ ಬದಲಿಸುವ ಮಾತು ಕೊನೆಗೆ.

ಕೊಟ್ಟಿರುವ ಅಳತೆಗಳೆಲ್ಲ 12 ವೋಲ್ಟಿನ ಗಾಡಿಗೆ. ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಬಲ್ಬಿನ ಟೆಸ್ಟ್ ಲ್ಯಾಂಪ್, ಎಮರಿ ಕಾಗದ, ವೈರ್ ಬ್ರಷ್, ಬಿಡಿ ಫ್ಯೂಸ್‌ಗಳು, ಸಾಧ್ಯವಾದರೆ ನಿಮ್ಮ ಮಾಡೆಲ್ಲಿನ ವೈರಿಂಗ್ ನಕ್ಷೆ.

## ಕೈ ಹಾಕುವ ಮುಂಚೆ

ಉಂಗುರ, ಕೈಗಡಿಯಾರ, ಲೋಹದ ಬಳೆ ತೆಗೆದಿಡಿ. ಸ್ಪ್ಯಾನರ್ ಪಾಸಿಟಿವ್‌ಗೂ ಬಾಡಿಗೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಹರಿಯುತ್ತದೆ, ನಡುವೆ ಉಂಗುರ ಸಿಕ್ಕಿದ್ದರೆ ಬೆರಳು ಸುಟ್ಟುಹೋಗುತ್ತದೆ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೆಂಕಿ, ಸಿಗರೇಟು, ಕಿಡಿ ಬೇಡ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಪರೀಕ್ಷಿಸುವ ಹಳೆಯ ರೂಢಿಯೊಂದಿದೆ. ದಯವಿಟ್ಟು ಮಾಡಬೇಡಿ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಜಿಗಿಯುತ್ತದೆ. ಆಲ್ಟರ್ನೇಟರಿನ ಡಯೋಡ್, ಎಂಜಿನ್ ಕಂಟ್ರೋಲ್ ಯೂನಿಟ್ (ಇಸಿಯು, ಎಂಜಿನ್ ನಡೆಸುವ ಕಂಪ್ಯೂಟರ್) ಎರಡೂ ಒಂದೇ ಏಟಿಗೆ ಹೋಗಬಹುದು.

ಹಳದಿ ಕಪ್ಲರ್ ಅಥವಾ ಹಳದಿ ಕವಚದ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದಕ್ಕೆ ಮೀಟರನ್ನೂ ಟೆಸ್ಟ್ ಲ್ಯಾಂಪನ್ನೂ ಮುಟ್ಟಿಸಬೇಡಿ. ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ಆ ಕೆಲಸ ತರಬೇತಾದವರದು.

## ಸೆಲ್ಫ್ ಹೊಡೆದರೆ ಕಟಕ್ ಸದ್ದು ಮಾತ್ರ, ಅಥವಾ ಎಂಜಿನ್ ಎಳೆದೆಳೆದು ತಿರುಗುತ್ತದೆ

ಮೊದಲು ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ದೀಪ ಪೂರಾ ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಇಲ್ಲವೇ ಟರ್ಮಿನಲ್ ಹಿಡಿತ ಬಿಟ್ಟಿದೆ. ದೀಪ ಅಲುಗಾಡದೆ ಉರಿಯುತ್ತಿದ್ದು ಸೆಲ್ಫ್ ಸುಮ್ಮನಿದ್ದರೆ ಕರೆಂಟ್ ಸೆಲ್ಫ್ ಮೋಟರಿಗೆ ಮುಟ್ಟುತ್ತಿಲ್ಲ: ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ಚಿನ ಕಡೆ ನೋಡಬೇಕು.

ಟರ್ಮಿನಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿ. ಕೂದಲೆಳೆಯಷ್ಟೂ ಅಲುಗಬಾರದು. ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಕಂಬವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಹೊಳೆಯುವ ತನಕ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು ಬಿಗಿಮಾಡಿದ ಮೇಲೆ, ಹೊರಗಿನಿಂದ.

ಇನ್ನು ಮೀಟರ್. ಗಾಡಿ ನಾಲ್ಕೈದು ತಾಸು ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಬಹುತೇಕ ಖಾಲಿ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಅದರ ಆಯಸ್ಸು ಮುಗಿದಿದೆ ಎಂದೇ ತಿಳಿಯಿರಿ. ಚಾರ್ಜ್ ಆಗದ ಬ್ಯಾಟರಿಯಲ್ಲಿ ಈ ಪರೀಕ್ಷೆ ಮಾಡಿ ತೀರ್ಪು ಕೊಡಬೇಡಿ.

ಬ್ಯಾಟರಿ ಚೆನ್ನಾಗಿದ್ದೂ ಎಂಜಿನ್ ಎಳೆಯುತ್ತಿದ್ದರೆ ಕೇಬಲ್ ನೋಡಬೇಕು. ಇಲ್ಲಿ ಓಮ್ ಅಳತೆಯನ್ನು ನಂಬಿದವರು ಮೋಸ ಹೋಗುತ್ತಾರೆ. ಐವತ್ತು ಎಳೆಗಳ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ಓಮ್ ತೋರಿಸುತ್ತದೆ, ಏಕೆಂದರೆ ಮೀಟರ್ ತಾನು ಹರಿಸುವ ಕರೆಂಟ್ ಅತ್ಯಲ್ಪ. ಸೆಲ್ಫ್ ಎಳೆಯುವುದು 150 ಆಂಪಿಯರ್ ಎಂದುಕೊಳ್ಳಿ. ದಾರಿಯಲ್ಲಿ ಒಂದು ಓಮಿನ ನೂರರಲ್ಲೊಂದು ಪಾಲು ತಡೆ ಇದ್ದರೂ ಅಲ್ಲೇ 1.5 ವೋಲ್ಟ್ ಸೋರಿಹೋಗುತ್ತದೆ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಮೀಟರನ್ನು 20 ವೋಲ್ಟ್ ಡಿಸಿಗಿಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತಿ. ಕ್ಲ್ಯಾಂಪಿಗಲ್ಲ, ಕಂಬಕ್ಕೇ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗೆ ಬಂದರೆ ಅರ್ತಿಂಗ್ ಸರಿಯಿದೆ. ಅರ್ಧ ವೋಲ್ಟ್ ದಾಟಿದರೆ ಕಪ್ಪು ಕಡ್ಡಿ ಅಲ್ಲೇ ಇರಲಿ, ಕೆಂಪು ಕಡ್ಡಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತನ್ನಿ: ಬ್ಲಾಕಿನ ಬೋಲ್ಟ್, ಕೇಬಲ್ಲಿನ ತುದಿ, ಬ್ಯಾಟರಿ ಕ್ಲ್ಯಾಂಪ್. ಎಲ್ಲಿ ಅಂಕಿ ತಟ್ಟನೆ ಇಳಿಯುತ್ತದೋ ಆ ಎರಡು ಜಾಗಗಳ ನಡುವೆ ದೋಷವಿದೆ. ಪಾಸಿಟಿವ್ ಕಡೆಯನ್ನೂ ಹೀಗೇ, ಬ್ಯಾಟರಿ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನ ತನಕ ಅಳೆಯಿರಿ, ಅಲ್ಲಿ 0.5 ವೋಲ್ಟ್ ತನಕ ಒಪ್ಪಬಹುದು. ಅಳೆಯುವಾಗ ಗಾಡಿ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೈ ಮತ್ತು ವೈರುಗಳು ಫ್ಯಾನ್ ಬೆಲ್ಟಿನಿಂದ ದೂರವಿರಲಿ. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮ ಹೊಡೆಯಬೇಡಿ.

ಈ ಒಂದು ಅಳತೆ ಕೈಗೆ ಕೂತರೆ ಮುಂದಿನ ಅರ್ಧ ಕೆಲಸ ಸಲೀಸು. ಮಂಕು ಹೆಡ್‌ಲೈಟ್, ನಿಧಾನ ಪವರ್ ವಿಂಡೋ, ಕುಂಟುವ ವೈಪರ್, ಎಲ್ಲಕ್ಕೂ ಇದೇ ವಿಧಾನ.

## ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಡೆಡ್

ಕತ್ತಲಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಡಿಕ್ಕಿಯ ದೀಪ, ಗ್ಲೋವ್ ಬಾಕ್ಸ್ ದೀಪ ಉರಿದೇ ಇರುವುದು ಅಪರೂಪವಲ್ಲ. 5 ವ್ಯಾಟಿನ ಬಲ್ಬ್ 0.4 ಆಂಪಿಯರ್ ಎಳೆಯುತ್ತದೆ, ಒಂದು ದಿನಕ್ಕೆ ಸುಮಾರು 10 ಆಂಪಿಯರ್ ಅವರ್. ವಯಸ್ಸಾದ ಬ್ಯಾಟರಿಗೆ ಎರಡು ರಾತ್ರಿ ಸಾಕು. ಆಮೇಲೆ ಹಾಕಿಸಿಕೊಂಡ ಸ್ಟೀರಿಯೊ, ಅಲಾರಂ, ಚಾರ್ಜರುಗಳನ್ನು ಅನುಮಾನಿಸಿ.

ಸಿಗಲಿಲ್ಲವೆಂದರೆ ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ಕಂಬಕ್ಕೂ ಕೇಬಲ್ಲಿಗೂ ನಡುವೆ ಸೇರಿಸಿ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹಾರುತ್ತದೆ. ಗಾಡಿಯ ಎಲೆಕ್ಟ್ರಾನಿಕ್ ಯೂನಿಟ್‌ಗಳು ನಿದ್ದೆಗೆ ಜಾರಲು 20ರಿಂದ 40 ನಿಮಿಷ ಬೇಕು. ಅದಕ್ಕೆ ಮುಂಚಿನ ಅಂಕಿಗೆ ಬೆಲೆಯಿಲ್ಲ. ಆಮೇಲೂ 50 ಮಿಲಿಆಂಪಿಯರಿಗಿಂತ ಹೆಚ್ಚಿದ್ದರೆ ಎಲ್ಲೋ ಸೋರುತ್ತಿದೆ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಅಂಕಿ ಇಳಿದ ಫ್ಯೂಸಿನ ಸಾಲಿನಲ್ಲಿ ಕಳ್ಳ ಇದ್ದಾನೆ. ಯಾವ ಫ್ಯೂಸಿಗೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರನ್ನು ನೋಡಬೇಕು. ನೆಗೆಟಿವ್ ಬಿಚ್ಚಿ ಆ ವೈರ್ ಕಳಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಡಯೋಡ್ ಸೋರುತ್ತಿದ್ದರೆ ಈಗ ಗೊತ್ತಾಗುತ್ತದೆ.

## ಓಡುವಾಗ ಬ್ಯಾಟರಿ ದೀಪ ಹತ್ತುತ್ತದೆ, ಹೆಡ್‌ಲೈಟ್ ಏರಿಳಿಯುತ್ತದೆ

ಬೆಲ್ಟ್ ಕಡಿದಿದೆಯೇ, ಸಡಿಲಾಗಿದೆಯೇ ಎಂದು ಎಂಜಿನ್ ನಿಲ್ಲಿಸಿ ನೋಡಿ. ಅನೇಕ ಎಂಜಿನ್ನುಗಳಲ್ಲಿ ನೀರಿನ ಪಂಪೂ ಅದೇ ಬೆಲ್ಟಿನಲ್ಲಿ ತಿರುಗುವುದರಿಂದ ಬ್ಯಾಟರಿ ದೀಪದ ಜೊತೆ ಟೆಂಪರೇಚರ್ ಮುಳ್ಳೂ ಏರುತ್ತಿದ್ದರೆ ಅಲ್ಲೇ ನಿಲ್ಲಿಸಬೇಕು. ಎಂಜಿನ್ ಸುಟ್ಟುಕೊಳ್ಳುವುದಕ್ಕೆ ನಿಮಿಷಗಳು ಸಾಕು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ 2000 ಆರ್‌ಪಿಎಂಗೆ ಏರಿಸಿದಾಗಲೂ 13ಕ್ಕಿಂತ ಮೇಲೆಯೇ ನಿಲ್ಲಬೇಕು. 15 ದಾಟಿದರೆ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಹೋಗಿದೆ: ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸಾಲಾಗಿ ಸುಡುತ್ತವೆ, ಹಾಗೆ ಓಡಿಸಬಾರದು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಅದೇ ಜಾಗದಲ್ಲಿ ಹಿಡಿದಾಗ 0.5ಕ್ಕಿಂತ ಹೆಚ್ಚು ಬಂದರೆ ಡಯೋಡ್ ಹೋಗಿದೆ. ಆ ಏರಿಳಿತ ಸೆನ್ಸರ್ ಸಿಗ್ನಲ್ಲಿಗೂ ಬೆರೆತು ಇಲ್ಲದ ದೋಷದ ಕೋಡ್‌ಗಳನ್ನು ಇಸಿಯುವಿನಲ್ಲಿ ಹುಟ್ಟಿಸುವುದುಂಟು.

ಕೀ ಆನ್ ಮಾಡಿದಾಗ ಬ್ಯಾಟರಿ ದೀಪ ಹತ್ತುವುದೇ ಇಲ್ಲವೇ? ಹಳೆಯ ಆಲ್ಟರ್ನೇಟರ್ ಬಹಳಷ್ಟು ಈ ಬಲ್ಬಿನ ಮೂಲಕವೇ ಮೊದಲ ಕರೆಂಟ್ ಪಡೆದು ಚಾರ್ಜಿಂಗ್ ಶುರುಮಾಡುತ್ತವೆ. ಡ್ಯಾಶ್‌ಬೋರ್ಡಿನ ಪುಟ್ಟ ಬಲ್ಬ್ ಸುಟ್ಟಿದ್ದಕ್ಕೆ ಇಡೀ ಆಲ್ಟರ್ನೇಟರ್ ಬದಲಾಗುವುದು ನಿಜಕ್ಕೂ ನೋವಿನ ಸಂಗತಿ.

## ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ

ಹಿಂದಿನ ದೀಪದ ಅರ್ತಿಂಗ್ ಹೋಗಿದೆ. ಬಾಡಿಗೆ ಇಳಿಯುವ ದಾರಿ ಕಾಣದ ಕರೆಂಟ್ ಪಕ್ಕದ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ ಇಳಿಯುತ್ತದೆ. ದೀಪದ ಅರ್ತಿಂಗ್ ವೈರಿನಿಂದ ಬಾಡಿಯ ಶುದ್ಧ ಲೋಹಕ್ಕೆ ಒಂದು ಬಿಡಿ ವೈರ್ ಮುಟ್ಟಿಸಿ. ಸರಿಹೋದರೆ ಬೋಲ್ಟ್ ಬಿಚ್ಚಿ ಬಣ್ಣ, ತುಕ್ಕು ಕೆರೆದು ಬಿಗಿಮಾಡಿ. ಒಂದೇ ಕಡೆಯ ಇಂಡಿಕೇಟರ್ ಬೇಗ ಬೇಗ ಹೊಡೆದುಕೊಂಡರೆ ಆ ಕಡೆಯ ಒಂದು ಬಲ್ಬ್ ಹೋಗಿದೆ, ಅಥವಾ ಕಡಿಮೆ ವ್ಯಾಟಿನದ್ದು, ಎಲ್‌ಇಡಿ ಹಾಕಿದ್ದಾರೆ.

## ಫ್ಯೂಸ್ ಪದೇ ಪದೇ ಹಾರುತ್ತದೆ

10 ಆಂಪಿಯರಿನ ಕೆಂಪು ಫ್ಯೂಸಿನ ಜಾಗಕ್ಕೆ 20ರ ಹಳದಿಯನ್ನೋ 30ರ ಹಸಿರನ್ನೋ ಹಾಕುವುದು ಗಾಡಿಗೆ ಬೆಂಕಿ ಇಟ್ಟಂತೆ. ಫ್ಯೂಸ್ ಕಾಯುವುದು ವೈರನ್ನು. ಫ್ಯೂಸ್ ದಪ್ಪವಾದರೆ ಸುಡುವ ಸರದಿ ವೈರಿನದು.

ಯಾವಾಗ ಹಾರುತ್ತದೆ ಎನ್ನುವುದರಲ್ಲೇ ಉತ್ತರವಿದೆ. ಸ್ವಿಚ್ ಹಾಕುವ ಮೊದಲೇ ಹಾರಿದರೆ ಫ್ಯೂಸಿನಿಂದ ಸ್ವಿಚ್ಚಿನ ತನಕದ ವೈರ್ ಬಾಡಿಗೆ ತಾಗಿದೆ. ಸ್ವಿಚ್ ಹಾಕಿದ ಕೂಡಲೇ ಹಾರಿದರೆ ಅದರಾಚೆ. ಐದು ನಿಮಿಷ ಓಡಿ ಹಾರಿದರೆ ಮೋಟರ್ ಬಿಗಿದುಕೊಂಡು ಹೆಚ್ಚು ಕರೆಂಟ್ ಎಳೆಯುತ್ತಿದೆ. ಬ್ಲೋವರ್, ವೈಪರ್, ರೇಡಿಯೇಟರ್ ಫ್ಯಾನಿನಲ್ಲಿ ಇದು ಸಾಮಾನ್ಯ.

ಫ್ಯೂಸ್ ಸುಡುತ್ತಾ ಕೂರುವ ಬದಲು ಅದರ ಜಾಗಕ್ಕೆ 21 ವ್ಯಾಟಿನ ಬ್ರೇಕ್ ಬಲ್ಬನ್ನು ಎರಡು ವೈರಿನಿಂದ ಸೇರಿಸಿ, ಆ ಸಾಲಿನ ಎಲ್ಲ ಉಪಕರಣ ಆಫ್ ಮಾಡಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ಕರೆಂಟ್ ಎರಡು ಆಂಪಿಯರ್ ದಾಟುವುದಿಲ್ಲ. ಈಗ ವೈರಿಂಗನ್ನು ಗೇಣು ಗೇಣಾಗಿ ಅಲುಗಿಸುತ್ತಾ ಹೋಗಿ: ಬಾಗಿಲ ಕೀಲಿನ ರಬ್ಬರ್ ತೋಳು, ಡಿಕ್ಕಿಯ ಕೀಲು, ಸ್ಟೀರಿಂಗ್ ಕೆಳಗೆ, ಎಂಜಿನ್ನಿನ ಚೂಪು ಬ್ರ್ಯಾಕೆಟ್ಟುಗಳ ಹತ್ತಿರ. ಬಲ್ಬ್ ಆರಿದ ಜಾಗವೇ ಶಾರ್ಟ್ ಆದ ಜಾಗ. ಏರ್‌ಬ್ಯಾಗ್ ಫ್ಯೂಸಿಗೆ ಈ ಉಪಾಯ ಬಳಸಬೇಡಿ.

ಸುಟ್ಟ ವಾಸನೆ ಬಂದರೆ, ಡ್ಯಾಶ್‌ಬೋರ್ಡಿನಿಂದ ಹೊಗೆ ಕಂಡರೆ ಹುಡುಕಾಟ ಬಿಡಿ. ಎಲ್ಲರನ್ನೂ ಇಳಿಸಿ, ಬೆಂಕಿ ಕಾಣದಿದ್ದರೆ ಮಾತ್ರ ನೆಗೆಟಿವ್ ಬಿಚ್ಚಿ, ಗಾಡಿಯನ್ನು ಎಳೆಸಿಕೊಂಡು ಹೋಗಿ.

## ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೇ ಸುಳ್ಳು ಹೇಳುತ್ತವೆ

ಎರಡು ಸೆಂಡರ್ (ಮುಳ್ಳಿಗೆ ಅಳತೆ ಕಳಿಸುವ ಭಾಗ) ಒಂದೇ ದಿನ ಕೆಡುವುದು ಅಪರೂಪ. ತುಂಬ ಹಳೆಯ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಅದೋ, ಅದರ ಅರ್ತಿಂಗೋ ಕೆಟ್ಟಿರುತ್ತದೆ. ಒಂದೇ ಮುಳ್ಳು ತಪ್ಪಿದ್ದರೆ ಅದರ ಸೆಂಡರ್ ಮತ್ತು ವೈರ್ ನೋಡಿ. ಪೆಟ್ರೋಲ್ ಟ್ಯಾಂಕಿನ ಬಾಯಿ ತೆರೆದಿಟ್ಟುಕೊಂಡು ಕರೆಂಟ್ ಪರೀಕ್ಷೆ ಬೇಡ.

## ಬಿಸಿಯಾದಾಗ ಎಂಜಿನ್ ಆಫ್, ಅರ್ಧ ಗಂಟೆ ತಣಿದರೆ ಮತ್ತೆ ಸ್ಟಾರ್ಟ್

ಹಳೆಯ ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಈ ಲಕ್ಷಣ ಕಂಡರೆ ಮೊದಲ ಅನುಮಾನ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಒಳಗಿನ ಸುರುಳಿಯ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣಿದರೆ ಕೂಡುತ್ತದೆ. ಆದರೆ ಇಗ್ನಿಷನ್ ಕಾಯಿಲ್, ಫ್ಯೂಯಲ್ ಪಂಪ್ ರಿಲೇಯ ಬಿರುಕು ಬಿಟ್ಟ ಬೆಸುಗೆ ಕೂಡ ಹೀಗೇ ಆಟವಾಡುತ್ತವೆ. ಬೇರ್ಪಡಿಸುವುದು ಗಾಡಿ ನಿಂತಿರುವ ಆ ಹೊತ್ತಿನಲ್ಲೇ ಸಾಧ್ಯ. ತಣಿದ ಮೇಲೆ ಎಲ್ಲ ಅಳತೆಯೂ ಸರಿಯಾಗಿಯೇ ಬರುತ್ತದೆ.

ಕೀ ಆನ್ ಮಾಡಿ ಹಿಂದಿನ ಸೀಟಿನ ಹತ್ತಿರ ಕಿವಿಗೊಡಿ. ಎರಡು ಮೂರು ಸೆಕೆಂಡ್ ಪಂಪಿನ ಗುಂಯ್ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್ ನೋಡಿ, ಪಕ್ಕದ ಅದೇ ನಂಬರಿನ ರಿಲೇ ಅದಲುಬದಲು ಮಾಡಿ. ಪಂಪ್ ಸದ್ದು ಇದೆಯೆಂದರೆ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳನ್ನು ನೋಡಿ. ಅನೇಕ ಗಾಡಿಗಳಲ್ಲಿ ಅದು ಸ್ವಲ್ಪವಾದರೂ ಮೇಲೇಳುತ್ತದೆ. ಸತ್ತಂತೆ ಬಿದ್ದಿದ್ದರೆ ಕ್ರ್ಯಾಂಕ್ ಸಿಗ್ನಲ್ ಬರುತ್ತಿಲ್ಲ. ಸ್ಕ್ಯಾನರ್ (ಇಸಿಯುವಿನ ಅಂಕಿ, ಕೋಡ್ ಓದುವ ಸಾಧನ) ಇದ್ದರೆ ಇನ್ನೂ ಖಚಿತ: ಸೆಲ್ಫ್ ತಿರುಗುವಾಗ 200ರ ಆಸುಪಾಸು ಬರಬೇಕಾದ ಕಡೆ ಸೊನ್ನೆ ತೋರಿಸುತ್ತದೆ. ಇಗ್ನಿಷನ್ ಕೇಬಲ್ ಕೈಯಲ್ಲಿ ಹಿಡಿದು ಕಿಡಿ ನೋಡುವ ದುಸ್ಸಾಹಸ ಬೇಡ. ಅಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲಿದೆ, ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೂ ಹೋಗಬಾರದು.

ಎರಡು ವೈರಿನ ಸೆನ್ಸರಾದರೆ ಕಪ್ಲರ್ ಕಳಚಿ ಸೆನ್ಸರ್ ಕಡೆ ಓಮ್ ಅಳೆಯಿರಿ. 200ರಿಂದ 1500 ಓಮ್ ಒಳಗೆ ಮಾಡೆಲ್ಲಿಗೆ ತಕ್ಕಂತೆ ಬರುತ್ತದೆ. ಬಿಸಿಯಲ್ಲಿ ಓಪನ್ (ಸಂಪರ್ಕವೇ ಇಲ್ಲ) ತೋರಿಸಿ ತಣ್ಣಗಾದಾಗ ಅಂಕಿ ಮರಳಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಎಸಿ ವೋಲ್ಟಿಗೆ ಹಾಕಿ ಸೆಲ್ಫ್ ಹೊಡೆದಾಗ ಅಂಕಿ ಏಳಬೇಕು. ಮೂರು ವೈರಿನವು ಸಾಮಾನ್ಯವಾಗಿ ಹಾಲ್ ಬಗೆಯವು (ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವಂಥವು), ಅವನ್ನು ಓಮಿನಲ್ಲಿ ಅಳೆಯುವುದರಿಂದ ಏನೂ ತಿಳಿಯದು. ಕಪ್ಲರಿನಲ್ಲಿ 5 ಅಥವಾ 12 ವೋಲ್ಟ್ ಬರುತ್ತಿದೆಯೇ, ಅರ್ತಿಂಗ್ ಇದೆಯೇ ಎಂದು ನೋಡಿ. ಬದಲಿಸುವ ಮುಂಚೆ ಸೆನ್ಸರ್ ಬಿಚ್ಚಿ ಅದರ ಮೂತಿ ನೋಡಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡದಂತೆ ಅಂಟಿಕೊಂಡಿದ್ದರೆ ಒರೆಸಿ ಹಾಕಿದಾಗಲೇ ಗಾಡಿ ಸರಿಹೋಗಬಹುದು.

ಹೆದ್ದಾರಿಯ ನಡುವೆ ಹೀಗೆ ನಿಲ್ಲುವ ಗಾಡಿಯಲ್ಲಿ ಪವರ್ ಸ್ಟೀರಿಂಗ್, ಬ್ರೇಕಿನ ಸಹಾಯ ಎರಡೂ ಕೈಕೊಡುತ್ತವೆ. ದೋಷ ಸಿಗುವ ತನಕ ವೇಗದ ರಸ್ತೆಗೆ ಒಯ್ಯಬೇಡಿ.

## ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಅಥವಾ ಕಪ್ಪು ಹೊಗೆ, ಪೆಟ್ರೋಲ್ ಕುಡಿಯುತ್ತದೆ

ಕೂಲಂಟ್ ಟೆಂಪರೇಚರ್ ಸೆನ್ಸರ್ ಎಂಜಿನ್ ತಣ್ಣಗಿದೆಯೋ ಬಿಸಿಯಿದೆಯೋ ಎಂದು ಇಸಿಯುಗೆ ತಿಳಿಸುತ್ತದೆ. ಬಿಸಿ ಎಂಜಿನ್ನನ್ನು ತಣ್ಣಗಿದೆ ಎಂದರೆ ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ತಣ್ಣನೆಯದನ್ನು ಬಿಸಿ ಎಂದರೆ ಸಾಲದಷ್ಟು ಕೊಡುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಿದೆ ಎಂದು ಈ ಸೆನ್ಸರನ್ನು ಬಿಟ್ಟುಬಿಡಬೇಡಿ, ಅನೇಕ ಗಾಡಿಗಳಲ್ಲಿ ಮುಳ್ಳಿಗೆ ಬೇರೆಯದೇ ಸೆಂಡರ್ ಇದೆ.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಸ್ಕ್ಯಾನರ್ ತೋರಿಸುವ ಕೂಲಂಟ್ ಅಂಕಿಯೂ ಒಳಬರುವ ಗಾಳಿಯ ಅಂಕಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲವಾದರೆ ಎರಡು ವೈರಿನ ಆ ಕಪ್ಲರ್ ಕಳಚಿ. ಸ್ಕ್ಯಾನರ್ ಮೈನಸ್ 40 ಡಿಗ್ರಿಗೆ ಇಳಿಯಬೇಕು. ಈಗ ಕಪ್ಲರಿನ ಎರಡು ಪಿನ್ನನ್ನು ತುಂಡು ವೈರಿನಿಂದ ಕೂಡಿಸಿ. ಅಂಕಿ 120 ಡಿಗ್ರಿಗೂ ಮೇಲೆ ಹಾರಬೇಕು. ಎರಡೂ ಆಯಿತೇ? ವೈರಿಂಗ್, ಇಸಿಯು ಎರಡೂ ಸರಿಯಿವೆ, ತಪ್ಪು ಸೆನ್ಸರಿನದು. ಅಂಕಿ ಅಲುಗದಿದ್ದರೆ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ, ವೈರ್ ಹುಡುಕಿ. ಪರೀಕ್ಷೆಯಿಂದ ಕೋಡ್ ಬೀಳುತ್ತದೆ, ಆಮೇಲೆ ಅಳಿಸಿ.

ಸ್ಕ್ಯಾನರ್ ಇಲ್ಲದವರು ಓಮ್ ಅಳೆಯಬಹುದು: ಹೆಚ್ಚಿನವು 20 ಡಿಗ್ರಿಯಲ್ಲಿ 2000ದಿಂದ 3000 ಓಮ್, 80 ಡಿಗ್ರಿಯಲ್ಲಿ 300ರ ಆಸುಪಾಸು. ಬಿಸಿ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಸೆನ್ಸರನ್ನೂ ಬಿಚ್ಚಬೇಡಿ.

## ಪಿಕಪ್ ಇಲ್ಲ, ಜರ್ಕ್ ಹೊಡೆಯುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ

ಏರ್ ಫಿಲ್ಟರ್, ಅದರಾಚೆಯ ರಬ್ಬರ್ ಪೈಪು, ವ್ಯಾಕ್ಯೂಮ್ ಪೈಪುಗಳು. ಮೊದಲು ಇಷ್ಟು. ಬಾಗಿಸಿ ನೋಡಿದರೆ ಮಾತ್ರ ಕಾಣುವ ಬಿರುಕು ಏರ್ ಫ್ಲೋ ಸೆನ್ಸರನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ.

ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ಬಾಗಿಲು (ಥ್ರಾಟಲ್) ಎಷ್ಟು ತೆರೆದಿದೆ ಎಂದು ಹೇಳುವ ಥ್ರಾಟಲ್ ಪೊಸಿಷನ್ ಸೆನ್ಸರ್. ಕೀ ಆನ್, ಎಂಜಿನ್ ಆಫ್. ಮೂರು ವೈರಿನಲ್ಲಿ ಒಂದರಲ್ಲಿ 5 ವೋಲ್ಟ್, ಒಂದು ಅರ್ತಿಂಗ್, ಒಂದು ಸಿಗ್ನಲ್. ಥ್ರಾಟಲ್ ಮುಚ್ಚಿದಾಗ ಸಿಗ್ನಲ್ ಸುಮಾರು 0.5, ಪೂರ್ತಿ ತೆರೆದಾಗ 4.5. ನಡುವೆ ನಿಧಾನವಾಗಿ ತೆರೆಯುವಾಗ ಅಂಕಿ ಸಮನಾಗಿ ಏರಬೇಕು. ಒಂದು ಜಾಗದಲ್ಲಿ ಸೊನ್ನೆಗೆ ಬಿದ್ದು ಏಳುತ್ತದೆ ಎಂದರೆ ಸೆನ್ಸರ್ ಒಳಗಿನ ಪಟ್ಟಿ ಅಲ್ಲಿ ಸವೆದಿದೆ, ಜರ್ಕ್ ಬರುವುದು ಅಲ್ಲೇ. ಬಾಣ ಹಾರಿದಂತೆ ಜಿಗಿಯುವ ಅಂಕಿಯನ್ನು ಹಿಡಿಯಲು ಮುಳ್ಳಿನ ಹಳೆಯ ಮೀಟರ್ ಡಿಜಿಟಲ್ಲಿಗಿಂತ ಮೇಲು.

ಎಂಎಪಿ ಸೆನ್ಸರ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಒತ್ತಡ ಅಳೆಯುವಂಥದ್ದು) ಇರುವ ಗಾಡಿಯಲ್ಲಿ ಎಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು, ಸಮುದ್ರ ಮಟ್ಟದಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್. ಐಡ್ಲಿಂಗಿನಲ್ಲಿ 30ರಿಂದ 40. ಹಾಟ್ ವೈರ್ ಏರ್ ಫ್ಲೋ ಸೆನ್ಸರಿನ ತಂತಿಯನ್ನು ಬಟ್ಟೆಯಿಂದ ಒರೆಸಿದರೆ ಕಡಿಯುತ್ತದೆ. ಅದಕ್ಕೆಂದೇ ಬರುವ ಸ್ಪ್ರೇ ಹೊಡೆದು ತಾನಾಗಿ ಒಣಗಲು ಬಿಡಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬಿಸಿಯಾದ ಎಂಜಿನ್ನಿನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ತೂಗಾಡುತ್ತಲೇ ಇರಬೇಕು. ಕೆಳಗೇ ನಿಂತರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಮೇಲೇ ನಿಂತರೆ ಹೆಚ್ಚಾಗಿದೆ ಎಂದು ಅದು ಹೇಳುತ್ತಿರಬಹುದು. ಸುದ್ದಿ ತಂದವನನ್ನೇ ಬದಲಿಸಬೇಡಿ.

## ಚೆಕ್ ಎಂಜಿನ್ ದೀಪ ಮತ್ತು ಕೋಡ್

ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಸಾಕೆಟ್ ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಕಡ್ಡಾಯವಾಯಿತು. ಅದಕ್ಕೂ ಹಳೆಯ ಅನೇಕ ಗಾಡಿಗಳಲ್ಲಿ ದೀಪ ಎಷ್ಟು ಸಲ ಮಿಣುಕಿತೆಂದು ಎಣಿಸಿ ಕೋಡ್ ಓದಬೇಕು. ಕೋಡ್ ಸಿಕ್ಕರೆ ಮೊದಲು ಬರೆದಿಟ್ಟುಕೊಳ್ಳಿ, ಅಳಿಸುವುದು ಆಮೇಲೆ.

ಕೋಡ್ ಹೇಳುವುದು ದೋಷ ಯಾವ ಸರ್ಕ್ಯೂಟಿನಲ್ಲಿದೆ ಎಂದಷ್ಟೇ. ಪಿ0118 ಅಂದರೆ ಕೂಲಂಟ್ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು. ಕಪ್ಲರ್ ಕಳಚಿ ಬಿದ್ದಿದ್ದರೂ ಇದೇ ಬರುತ್ತದೆ. ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಪಿ0562 ಗಾಡಿಯ ವೋಲ್ಟೇಜೇ ಕಡಿಮೆ. ಇದು ಉಳಿದ ಕೋಡ್‌ಗಳ ಜೊತೆಗಿದ್ದರೆ ಬ್ಯಾಟರಿ, ಚಾರ್ಜಿಂಗ್ ಸರಿಮಾಡಿ ಆಮೇಲೆ ಮಿಕ್ಕದ್ದು ನೋಡಿ. ಸಂಬಂಧವಿಲ್ಲದ ಮೂರು ನಾಲ್ಕು ಸೆನ್ಸರುಗಳ ಕೋಡ್ ಒಟ್ಟಿಗೆ ಬಿದ್ದರೆ ಅವಕ್ಕೆಲ್ಲ ಹಂಚಿಹೋಗುವ 5 ವೋಲ್ಟ್ ಅಥವಾ ಅರ್ತಿಂಗ್ ಹೋಗಿದೆ. ಒಂದೊಂದೇ ಕಪ್ಲರ್ ಕಳಚುತ್ತಾ 5 ವೋಲ್ಟ್ ಯಾವಾಗ ಮರಳುತ್ತದೆ ನೋಡಿ.

ದೀಪ ಮಿಣುಕುತ್ತಿದ್ದರೆ ಎಂಜಿನ್ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಜೋರಾಗಿದೆ. ಸುಡದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸುತ್ತದೆ. ವೇಗ ಇಳಿಸಿ, ಹತ್ತಿರದಲ್ಲೇ ನಿಲ್ಲಿಸಿ. ಎಬಿಎಸ್ ದೀಪ ಒಂಟಿಯಾಗಿ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಚಕ್ರದ ಸೆನ್ಸರಿನ ಕೆಸರು, ವೈರ್ ನೋಡಬಹುದು. ಕೆಂಪು ಬ್ರೇಕ್ ದೀಪವೂ ಜೊತೆಗಿದ್ದರೆ ಗಾಡಿ ಚಲಾಯಿಸಬೇಡಿ.

## ಒಮ್ಮೆ ಬರುತ್ತದೆ, ಒಮ್ಮೆ ಇರುವುದಿಲ್ಲ

ಮಳೆಯಲ್ಲಿ, ಗುಂಡಿ ಹಾರಿದಾಗ ಮಾತ್ರ ಬರುವ ದೋಷ ಬಹುತೇಕ ಕಪ್ಲರಿನದು. ಲಾಕ್ ಒತ್ತಿ ಕಳಚಿ ಬೆಳಕಿಗೆ ಹಿಡಿಯಿರಿ. ಉಳಿದವುಗಳಿಗಿಂತ ಒಂದು ಪಿನ್ ಹಿಂದೆ ಸರಿದಿದೆಯೇ? ಹಸಿರು ಕಿಲುಬಿದೆಯೇ? ಪಿನ್ ಹಿಂದಿನ ವೈರನ್ನು ಮೆಲ್ಲಗೆ ಎಳೆಯಿರಿ. ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರ ತುಂಡಾಗಿದೆ, ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿದೆ. ಸಿಪ್ಪೆ ಸುಲಿದಾಗ ತಾಮ್ರ ಕಪ್ಪಾಗಿ ಕಂಡರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತಾ ಹೋಗಿ, ಅಷ್ಟೇ ದಪ್ಪದ ಹೊಸ ವೈರನ್ನು ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿ. ತಿರುಚಿ ಟೇಪ್ ಸುತ್ತಿದ ಜೋಡಣೆ ಎಂಜಿನ್ನಿನ ಬಿಸಿಗೆ ಬಹುಕಾಲ ನಿಲ್ಲುವುದಿಲ್ಲ. ಅಳೆಯಲು ವೈರಿನ ಸಿಪ್ಪೆಗೆ ಸೂಜಿ ಚುಚ್ಚಬೇಡಿ. ಆ ತೂತಿನಲ್ಲಿ ಇಳಿದ ನೀರು ಮುಂದಿನ ದೋಷಕ್ಕೆ ಬೀಜ. ಕಪ್ಲರಿನ ಹಿಂಬದಿಯಿಂದ ತೆಳು ಪಿನ್ ತೂರಿಸಿ ಅಳೆಯಿರಿ. ಇಸಿಯು ಸರ್ಕ್ಯೂಟಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಮುಟ್ಟಿಸಬೇಡಿ.

ಏರ್‌ಬ್ಯಾಗ್ ದೀಪ, ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ), ಇಸಿಯುವಿನ ಒಳಗಿನ ದೋಷ, ಸುಟ್ಟು ಅಂಟಿಕೊಂಡ ವೈರ್ ಕಟ್ಟು ಇವು ಎಲೆಕ್ಟ್ರಿಷಿಯನ್ನರ ಕೆಲಸ. ಹೋಗುವಾಗ ಬರೆದ ಚೀಟಿ ಜೊತೆಗಿರಲಿ: ದೋಷ ಬಿಸಿಯಲ್ಲೋ ತಣ್ಣಗಿದ್ದಾಗಲೋ, ನಿಂತಾಗಿನ ವೋಲ್ಟ್, ಸೆಲ್ಫ್ ಹೊಡೆದಾಗಿನದು, ಓಡುವಾಗಿನದು, ಅಳಿಸುವ ಮುಂಚಿನ ಕೋಡ್‌ಗಳು, ಈಗಾಗಲೇ ಬದಲಿಸಿದ ಭಾಗಗಳು.